ಕೋಳಿ ಹೆಜ್ಜೆ

ಮೇಜುಬಟ್ಟೆಯ ಅಂಚನ್ನು ಎಳೆದು ಸಮ ಮಾಡುತ್ತಿದ್ದ ಡೆಲಿಯಾಳ ಬೆರಳು ಒಂದು ಕಡೆ ತಡೆದು ನಿಂತಿತು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ. ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ಮಾತ್ರ ಸಿಗುವಂಥದ್ದು. ಮೂರು ಸಣ್ಣ ಹೊಲಿಗೆ ಮುಂದಕ್ಕೆ ಚಾಚಿದ್ದವು, ಒಂದು ಹಿಂದಕ್ಕೆ. ಬೆರಳು ತೆಗೆದಳು. ಮತ್ತೆ ಅಲ್ಲೇ ಇಟ್ಟಳು. ಅದು ಅಲ್ಲೇ ಇತ್ತು.

"ಏನೇ ಅದು, ಕಲೆ ಹೋಗಿಲ್ವಾ?" ಎಂದ ಗಂಡ ಆಸ್ಟಿನ್. ಅವನು ಅಡುಗೆಮನೆಯ ಮೇಜನ್ನು ಎರಡು ಬೆಂಚುಗಳ ಮೇಲೆ ಎತ್ತಿಟ್ಟು, ಅಲುಗದಂತೆ ಕಾಲಿನಡಿಗೆ ರಟ್ಟು ತುರುಕುತ್ತಿದ್ದ. ಇವತ್ತೊಂದು ದಿನ ಆ ಮೇಜೇ ಬಲಿಪೀಠ. ಫಾದರ್ ಬಗ್ಗಿಕೊಂಡು ಪೂಜೆ ಮಾಡುವಂತಾಗಬಾರದು.

"ಹೋಗಿದೆ," ಎಂದಳು ಡೆಲಿಯಾ. ತನ್ನ ದನಿ ಪಕ್ಕದ ಮನೆಯಿಂದ ಕೇಳಿಸಿದ ಹಾಗೆ ಅವಳಿಗೆ ಅನಿಸಿತು.

ನಮ್ಮ ಊರಾದ ನಾಕ್‌ಬ್ರ್ಯಾಕಿನ ಹದಿನಾಲ್ಕು ಮನೆಗಳಿಗೆ ಸರದಿ ಪೂಜೆ ವರ್ಷಕ್ಕೆ ಎರಡರಂತೆ ಸುತ್ತಿ ಬರುತ್ತದೆ. ಗ್ರೀಲಿಯವರ ಮನೆಗೆ ಬಂದದ್ದು ಏಳು ವರ್ಷದ ಮೇಲೆ, ಈ ಅರುವತ್ತಮೂರನೇ ಇಸವಿಯ ಏಪ್ರಿಲ್‌ನಲ್ಲಿ. ಫಾದರ್ ಮನೆಗೇ ಬಂದು ಪೂಜೆ ಮಾಡಿ, ಊರವರ ಜೊತೆ ಕೂತು ತಿಂಡಿ ತಿಂದು ಹೋಗುತ್ತಾರೆಂದರೆ ಸುಮ್ಮನೆಯೇ? ಆಸ್ಟಿನ್ ಒಂದು ತಿಂಗಳಿಂದ ಸುಣ್ಣ ಬಳಿದಿದ್ದ, ಬಾಗಿಲಿಗೆಲ್ಲ ಹಸಿರು ಬಣ್ಣ ಹೊಡೆದಿದ್ದ, ಫಾದರ್ ಜನ್ಮದಲ್ಲಿ ಇಣುಕಿ ನೋಡದ ಹಂದಿಗೂಡನ್ನೂ ಬಿಟ್ಟಿರಲಿಲ್ಲ. ಈ ಸರದಿ ಅನ್ನುವುದೊಂದು ಇಲ್ಲದಿದ್ದರೆ ನಮ್ಮ ಊರಿನ ಗೋಡೆಗಳು ಸುಣ್ಣದ ಮುಖವನ್ನೇ ಕಾಣುತ್ತಿರಲಿಲ್ಲ.

ಆ ಮೇಜುಬಟ್ಟೆ ಡೆಲಿಯಾಳ ತಾಯಿ ಹೊನೋರಾ ಮದುವೆಯಾಗಿ ಬರುವಾಗ ತಂದದ್ದು. ಅಗಸೆ ನಾರಿನದ್ದು, ಅದುವರೆಗೆ ಹೊಸ್ತಿಲು ದಾಟಿ ಹೊರಗೆ ಹೋದದ್ದಲ್ಲ. ಕಳೆದ ಸರದಿಯಲ್ಲಿ ಮೇಣದಬತ್ತಿ ಉರುಳಿ ಅದರಲ್ಲೊಂದು ತೂತು ಬಿದ್ದಿತ್ತು, ಸುತ್ತ ಕಂದು ಕಲೆ. ಹೊನೋರಾಳ ಬೆರಳುಗಳು ಈಗ ಸಂಧಿವಾತದಿಂದ ಸೊಟ್ಟಗಾಗಿ ಸೂಜಿ ಹಿಡಿಯುವುದಿಲ್ಲ. ಡೆಲಿಯಾಗೆ ಹೊಲಿಗೆ ಹತ್ತಲಿಲ್ಲ. ಹಾಗಾಗಿ ತಾಯಿಗೆ ಹೇಳದೆ ಅದನ್ನು ಮಂಗಳವಾರದ ಲಾಂಡ್ರಿ ವ್ಯಾನಿಗೆ ಕೊಟ್ಟಿದ್ದಳು. ಪಟ್ಟಣದಲ್ಲಿ ಕನ್ಯಾಸ್ತ್ರೀಯರು ನಡೆಸುವ ಲಾಂಡ್ರಿ. ಫಾದರ್ ಮನೆಯ ಬಟ್ಟೆ, ಹೋಟೆಲಿನ ಹೊದಿಕೆ ಎಲ್ಲ ಅಲ್ಲಿಗೇ ಹೋಗುವುದು. ಅಲ್ಲಿ ಒಗೆಯುವವರು ಯಾರು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. "ದಾರಿ ತಪ್ಪಿದ ಹೆಣ್ಣುಗಳು" ಎಂದರೆ ಮುಗಿಯಿತು. ಬಟ್ಟೆ ಹಾಲಿನಷ್ಟು ಬೆಳ್ಳಗೆ ಬರುತ್ತದೆ. ಡೆಲಿಯಾ ಕೂಡ ಕೇಳಿರಲಿಲ್ಲ.

ತಾಯಿಗೆ ಗೊತ್ತಾದ ದಿನ ಮಾತ್ರ ರಾದ್ಧಾಂತವಾಗಿತ್ತು. "ಆ ಬಟ್ಟೇನ ಅಲ್ಲಿಗೆ ಕಳಿಸ್ದ್ಯಾ? ಯಾರನ್ನ ಕೇಳಿ ಕಳಿಸ್ದೆ?" ಎಂದ ಮುದುಕಿಯ ಮುಖ ಬಿಳಿಚಿಕೊಂಡಿತ್ತು. ವ್ಯಾನು ವಾಪಸು ಬರುವ ತನಕ ಹದಿನೈದು ದಿನ ಕಿಟಕಿ ಬಿಟ್ಟು ಕದಲಿರಲಿಲ್ಲ. ತವರಿನ ವಸ್ತುವಿನ ಮೇಲಿನ ಮೋಹ ಎಂದುಕೊಂಡು ಡೆಲಿಯಾ ನಕ್ಕುಬಿಟ್ಟಿದ್ದಳು.

ಈಗ ನಗು ಬರಲಿಲ್ಲ. ಅವಳು ಎಂಟು ವರ್ಷದವಳಿದ್ದಾಗ ಮುಳ್ಳುತಂತಿ ದಾಟಲು ಹೋಗಿ ಹೊಸ ಕಾಲ್ಚೀಲ ಹರಿದುಕೊಂಡು ಬಂದಿದ್ದಳು. ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆದು ಬರುವುದರೊಳಗೆ ಅಕ್ಕ ವಿನೀ ಅದನ್ನು ಹೊಲಿದು, ಅಂಚಿನಲ್ಲಿ ಮೂರು ಹೊಲಿಗೆ ಮುಂದಕ್ಕೆ, ಒಂದು ಹಿಂದಕ್ಕೆ ಹಾಕಿ, "ಕೋಳಿ ಇದರ ಮೇಲೆ ನಡ್ಕೊಂಡು ಹೋಯ್ತು. ಯಾರು ಹರಿದಿದ್ದು ಅಂತ ಅಮ್ಮ ಕೇಳಿದ್ರೆ, ಕೋಳೀನ ಕೇಳು ಅನ್ನು," ಎಂದಿದ್ದಳು. ಅಮ್ಮ ಕೇಳಿದ್ದಳು. ಡೆಲಿಯಾ ಹಾಗೇ ಹೇಳಿದ್ದಳು. ಇಬ್ಬರಿಗೂ ಒಂದೊಂದು ಬಿದ್ದಿತ್ತು. ಅಲ್ಲಿಂದಾಚೆ ವಿನೀ ಹೊಲಿದ ಅಂಗಿ, ಚೀಲ, ದಿಂಬು ಯಾವುದೇ ಇರಲಿ, ಮೂಲೆಯಲ್ಲಿ ಒಂದು ಕೋಳಿ ಹೆಜ್ಜೆ ಇರಲೇಬೇಕು. ಲೋಕದಲ್ಲಿ ಬೇರೆ ಯಾರೂ ದಾರ ದಂಡ ಮಾಡಿ ಅಂಥ ಹುಡುಗಾಟ ಆಡುವುದಿಲ್ಲ.

ಆದರೆ ವಿನೀ ಸತ್ತು ಹನ್ನೊಂದು ವರ್ಷವಾಗಿತ್ತು. ಇಂಗ್ಲೆಂಡಿಗೆ ಆಸ್ಪತ್ರೆ ಕೆಲಸಕ್ಕೆಂದು ಹೋದವಳು, ಜ್ವರ ಬಂದು ಅಲ್ಲೇ ತೀರಿಕೊಂಡು, ಅಲ್ಲೇ ಮಣ್ಣಾಗಿದ್ದಳು. ಹಾಗೆಂದು ಕಾಗದ ಬಂದಿತ್ತು. ಹಾಗೆಂದು ಅಮ್ಮ ಹೇಳಿದ್ದಳು.

ತೂತಿದ್ದ ಕಡೆ ಡೆಲಿಯಾ ಮತ್ತೊಮ್ಮೆ ನೋಡಿದಳು. ಎಳೆಗೆ ಎಳೆ ಕೂಡಿಸಿ ಹೆಣೆದ ತೇಪೆ. ತಿಂಗಳ ಹಿಂದೆಯಷ್ಟೇ ಯಾವುದೋ ಕೈ ಇದನ್ನು ಮಾಡಿತ್ತು. ಸತ್ತವರ ಕೈಯಂತೂ ಅಲ್ಲ.

ಅಂಗಳದಲ್ಲಿ ಸೈಕಲ್ಲುಗಳ ಸದ್ದು, ಗಂಟಲು ಸರಿಮಾಡಿಕೊಳ್ಳುವ ಸದ್ದು. ನೆರೆಯವರು ಬರತೊಡಗಿದ್ದರು. ಹೊನೋರಾ ಒಲೆಯ ಪಕ್ಕದ ಕುರ್ಚಿಯಲ್ಲಿ ಕರಿ ಶಾಲು ಹೊದ್ದು, ಜಪಸರ ಹಿಡಿದು ಕೂತಿದ್ದಳು. ಡೆಲಿಯಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದಳು.

"ಅಮ್ಮಾ, ಬಟ್ಟೆ ಮೇಲೆ ಕೋಳಿ ಹೆಜ್ಜೆ ಇದೆ."

ಮುದುಕಿ ಮಣಿ ಎಣಿಸುವುದನ್ನು ನಿಲ್ಲಿಸಲಿಲ್ಲ.

"ವಿನೀ ಅಕ್ಕ ಎಲ್ಲಿದಾಳೆ?"

"ಮೊದ್ಲು ಫಾದರ್ ಬಂದು ಹೋಗ್ಲಿ," ಎಂದಳು ಹೊನೋರಾ.

ಸತ್ತವಳು ಎಲ್ಲಿ ಎಂದು ಕೇಳಿದರೆ ಯಾರಾದರೂ ಹೇಳುವ ಮಾತೇ ಅದು? ನಿನಗೇನು ಹುಚ್ಚು ಹಿಡಿದಿದೆಯಾ ಎಂದು ಬೈದಿದ್ದರೆ, ಅಕ್ಕ ಸತ್ತದ್ದು ನಿಜವೆಂದು ಡೆಲಿಯಾ ನಂಬುತ್ತಿದ್ದಳು. ಅತ್ತಿದ್ದರೂ ನಂಬುತ್ತಿದ್ದಳು. ತಾಯಿ ಬೈಯಲಿಲ್ಲ, ಅಳಲಿಲ್ಲ. ಫಾದರ್ ಹೋಗಲಿ ಎಂದಳು.

ಅಷ್ಟರಲ್ಲಿ ಕಾರಿನ ಸದ್ದಾಯಿತು. ಫಾದರ್ ಟಾರ್ಪಿ ಒಳಗೆ ಬಂದರು. ಈ ಊರಿಗೆ ಬಂದು ಎರಡು ವರ್ಷವಾದ, ಕೆಂಪು ಕಿವಿಯ, ಮೆತ್ತಗಿನ ಮನುಷ್ಯ. ಒಳಕೋಣೆಯಲ್ಲಿ ಕೂತು ಒಬ್ಬೊಬ್ಬರದೇ ಪಾಪನಿವೇದನೆ ಕೇಳಿದರು. ಊರಿನ ಗಂಡಸರು ಮೊಣಕಾಲ ಮೇಲೆ ಟೊಪ್ಪಿ ಇಟ್ಟುಕೊಂಡು ಸಾಲಾಗಿ ಕೂತು ತಮ್ಮ ಸರದಿಗೆ ಕಾದರು. ಯಾರ ಪಾಪವೂ ಎರಡು ನಿಮಿಷಕ್ಕಿಂತ ಉದ್ದವಿರಲಿಲ್ಲ. ಡೆಲಿಯಾ ಒಳಗೆ ಹೋಗಲಿಲ್ಲ. ಮೊಟ್ಟೆ ಬೇಯಿಸುವ ನೀರಿಡುವ ನೆಪದಲ್ಲಿ ಒಲೆಯ ಹತ್ತಿರವೇ ನಿಂತಳು.

ಪೂಜೆ ಶುರುವಾಯಿತು. ಮೂವತ್ತು ಜನ ಅಡುಗೆಮನೆಯ ಕಲ್ಲುನೆಲದ ಮೇಲೆ ಮೊಣಕಾಲೂರಿದರು. ಲ್ಯಾಟಿನ್ ಮಂತ್ರ ಅವಳ ಕಿವಿಯ ಮೇಲೆ ಹಾದು ಹೋಗುತ್ತಿತ್ತು. ಅವಳ ಕಣ್ಣು ಆ ಬಟ್ಟೆಯ ಮೇಲೇ ಇತ್ತು. ಅದರ ಮೇಲೆ ಪಾತ್ರೆ, ಅದರ ಮೇಲೆ ರೊಟ್ಟಿ, ಅದರ ಮೇಲೆ ಫಾದರ್ ಕೈ. ಈ ಬಟ್ಟೆ ಯಾರದೆಂದು ವಿನೀಗೆ ಗೊತ್ತಾಗಿರಬೇಕು. ಅಮ್ಮನ ತವರಿನ ಬಟ್ಟೆಯನ್ನು ಅವಳು ಚಿಕ್ಕಂದಿನಿಂದ ಮಡಿಸಿದವಳು. ಲಾಂಡ್ರಿಯ ರಾಶಿಯಲ್ಲಿ ಇದು ಕೈಗೆ ಸಿಕ್ಕಾಗ ಅವಳು ಏನು ಮಾಡಿರಬಹುದು? ಅದನ್ನು ನೆನೆಯುತ್ತಿದ್ದಂತೆ ಡೆಲಿಯಾಗೆ ಸಿಟ್ಟು ಉಕ್ಕಿ ಬಂತು.

ಪೂಜೆ ಮುಗಿಸಿ ಫಾದರ್ ಜನರ ಕಡೆ ತಿರುಗಿದರು. ಸರದಿ ಪೂಜೆಯ ಕೊನೆಗೆ ಆ ಮನೆಯಲ್ಲಿ ತೀರಿಕೊಂಡವರ ಹೆಸರು ಹಿಡಿದು ಪ್ರಾರ್ಥನೆ ಮಾಡುವುದು ರೂಢಿ. ಪಟ್ಟಿಯನ್ನು ಹಿಂದಿನ ದಿನ ಡೆಲಿಯಾಳೇ ದುಂಡಗಿನ ಅಕ್ಷರದಲ್ಲಿ ಬರೆದು ಮೇಣದಬತ್ತಿಯ ಕೆಳಗಿಟ್ಟಿದ್ದಳು. ಫಾದರ್ ಅದನ್ನು ಬಿಡಿಸಿ ಓದಿದರು.

"ಈ ಮನೆಯ ಮೃತರಿಗಾಗಿ ಪ್ರಾರ್ಥಿಸೋಣ. ಆ್ಯಂಟನಿ. ಬ್ರಿಜೆಟ್. ಮೈಕಲ್. ವಿನಿಫ್ರೆಡ್..."

"ಅದನ್ನ ಬಿಡಿ ಫಾದರ್," ಎಂದಳು ಡೆಲಿಯಾ. ಅವಳು ಎದ್ದು ನಿಂತಿದ್ದಳು. "ವಿನಿಫ್ರೆಡ್ ಸತ್ತಿಲ್ಲ. ಪಟ್ಟಣದ ಲಾಂಡ್ರೀಲಿ ಬಟ್ಟೆ ಒಗೀತಿದಾಳೆ. ನೀವು ಪೂಜೆ ಮಾಡಿದ್ರಲ್ಲ, ಆ ಬಟ್ಟೇನೂ ಅವಳೇ ಒಗೆದಿದ್ದು."

"ಅಯ್ಯೋ ದೇವ್ರೇ! ಬದುಕಿದಾರಾ?" ಎಂದು ಒಂದು ಹೆಣ್ಣುದನಿ ಚೀರಿತು. ಊನಾ, ಕಳೆದ ತಿಂಗಳಷ್ಟೇ ಬೇರೆ ಊರಿಂದ ಮದುವೆಯಾಗಿ ಬಂದ ಹುಡುಗಿ. ಎರಡೂ ಕೈಯನ್ನು ಬಾಯಿಗೆ ಒತ್ತಿಕೊಂಡು ಅತ್ತ ಇತ್ತ ನೋಡಿದಳು.

ಅವಳೊಬ್ಬಳೇ.

ಡೆಲಿಯಾ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರೂ ಬೆಚ್ಚಿರಲಿಲ್ಲ. ಯಾರೂ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳಲಿಲ್ಲ. ಊರಿನ ಒಂದೇ ಬಾಡಿಗೆ ಕಾರಿನ ಪ್ಯಾಕಿ ರಫ್ಟರ್ ತನ್ನ ಟೊಪ್ಪಿಯ ಒಳಗೆ ಏನೋ ಹುಡುಕುತ್ತಿದ್ದ. ಅವನ ಹೆಂಡತಿ ಜಪಸರದ ಗಂಟು ಬಿಡಿಸುತ್ತಿದ್ದಳು. ಬಡಗಿ, ಅಂಚೆಯವನು, ಕೆಳಮನೆಯ ಅಣ್ಣತಮ್ಮಂದಿರು ಎಲ್ಲರೂ ನೆಲ ನೋಡುತ್ತಿದ್ದರು. ಊರ ಬಾಯಿಗೆ ಮುಚ್ಚಳವಿಲ್ಲ ಎನ್ನುತ್ತಾರೆ. ಈ ಊರಿನ ಬಾಯಿಗೆ ಹನ್ನೊಂದು ವರ್ಷ ಮುಚ್ಚಳವಿತ್ತು.

ಅವಳಿಗೆ ಆ ದಿನ ನೆನಪಾಯಿತು. ಕಾಗದ ಬಂತೆಂದು ಅಮ್ಮ ಹೇಳಿದ ದಿನ ಹದಿನೈದು ವರ್ಷದ ಅವಳು ಅಳುತ್ತಾ ಮನೆಮನೆಗೆ ಓಡಿದ್ದಳು. ನಮ್ಮಕ್ಕ ಸತ್ತುಹೋದಳು ಎಂದು ಊರಿಗೆಲ್ಲ ಸಾರಿದವಳು ಅವಳೇ. ಪ್ಯಾಕಿಯ ಹೆಂಡತಿ ತಲೆ ಸವರಿ, ಬ್ರೆಡ್ಡಿಗೆ ಬೆಣ್ಣೆ ಸಕ್ಕರೆ ಹಚ್ಚಿ ಕೊಟ್ಟಿದ್ದಳು. "ದೇವ್ರು ಅವಳ ಆತ್ಮಕ್ಕೆ ಶಾಂತಿ ಕೊಡ್ಲಿ ಮಗಾ," ಎಂದಿದ್ದಳು. ಹದಿಮೂರು ಮನೆಯಲ್ಲೂ ಹಾಗೇ ಅಂದಿದ್ದರು. ಆವತ್ತು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಬೆಣ್ಣೆ ಹಚ್ಚಿದ್ದರು.

"ನಿಮ್ಗೂ ಗೊತ್ತಿತ್ತಾ?" ಎಂದು ಗಂಡನನ್ನು ಕೇಳಿದಳು.

ಆಸ್ಟಿನ್ ಮನೆಅಳಿಯ. ಈ ಮನೆಯಲ್ಲಿ ಅವನು ಗಟ್ಟಿಯಾಗಿ ಮಾತಾಡಿದವನೇ ಅಲ್ಲ. "ನಾನು ಬರೋ ಹೊತ್ತಿಗೆ ಎಲ್ಲ ಆಗ್ಹೋಗಿತ್ತು ಕಣೇ," ಎಂದ. "ಸಂಬಂಧ ಕೂಡಿಸುವಾಗ ನಿಮ್ಮಪ್ಪ ಹೇಳಿದ್ರು. ಮಾತೆತ್ತಬೇಡ ಅಂದಿದ್ರು."

"ಅವಳೇನು ತಪ್ಪು ಮಾಡಿದ್ಲು? ಬಸುರಿಯಾಗಿದ್ಲಾ?"

"ಶ್, ಫಾದರ್ ಮುಂದೆ," ಎಂದಳು ಯಾರೋ ಹೆಂಗಸು.

ಉತ್ತರ ಒಲೆಯ ಪಕ್ಕದಿಂದ ಬಂತು. ಹೊನೋರಾ ಬೆಂಕಿಯನ್ನೇ ನೋಡುತ್ತಾ ಹೇಳಿದಳು, "ಏನೂ ಮಾಡಿರ್ಲಿಲ್ಲ. ಕುಣಿತಕ್ಕೆ ಹೋಗ್ತಿದ್ಲು. ಎರಡು ಸಲ ಬೆಳಗಿನ ಜಾವ ಬಂದ್ಲು. ಹಿಂದಿನ ಫಾದರ್ ಮನೇಗೆ ಬಂದು, ಏನಾದ್ರೂ ಆಗೋಕೆ ಮುಂಚೇನೇ ಒಳ್ಳೇ ಜಾಗಕ್ಕೆ ಸೇರಿಸೋಣ ಅಂದ್ರು. ನಿಮ್ಮಪ್ಪ ಹೂಂ ಅಂದ್ರು."

"ಸತ್ತಳು ಅಂತ ಯಾಕಮ್ಮಾ ಅಂದೆ?"

"ವಾರ ವಾರ ಇಂಗ್ಲೆಂಡಿಗೆ ಕಾಗದ ಬರೀತಿದ್ಯಲ್ಲ ನೀನು! ಉತ್ತರ ಯಾಕೆ ಬರಲ್ಲ ಅಂತ ಪ್ರಾಣ ತಿಂತಿದ್ದೆ. ಬದುಕಿದಾಳೆ ಅಂದ್ರೆ ಬಾಯಿ ಬಿಡ್ತಿದ್ದೆ. ಸತ್ತಳು ಅಂದ್ರೆ ಪ್ರಾರ್ಥನೆ ಮಾಡ್ಕೊಂಡು ಸುಮ್ನಿರ್ತೀಯ." ಅವಳ ಸೊಟ್ಟ ಬೆರಳು ಜಪಸರವನ್ನು ಬಿಗಿಹಿಡಿದಿತ್ತು. "ಸುಮ್ನೇ ಇದ್ಯಲ್ಲ ಮತ್ತೆ?"

ಒಲೆಯ ಮೇಲೆ ಮೊಟ್ಟೆ ಬೇಯುವ ನೀರು ಕೊತಕೊತ ಎನ್ನುತ್ತಿತ್ತು. ಇಷ್ಟು ವರ್ಷ ಡೆಲಿಯಾ ಬದುಕಿದ್ದವಳ ಆತ್ಮಕ್ಕೆ ಶಾಂತಿ ಬೇಡಿದ್ದಳು. ಮೃತರ ತಿಂಗಳೆನಿಸಿದ ಪ್ರತಿ ನವೆಂಬರಿನಲ್ಲಿ, ಪ್ರತಿ ರಾತ್ರಿಯ ಜಪದಲ್ಲಿ. ತಾಯಿಯ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಹೇಸಿಗೆ ದೊಡ್ಡದಿತ್ತು.

ಅವಳು ಫಾದರ್ ಕಡೆ ತಿರುಗಿದಳು. "ನಿಮ್ಗೆ?"

ಫಾದರ್ ಟಾರ್ಪಿಯ ಕಿವಿಗಳು ಇನ್ನಷ್ಟು ಕೆಂಪಾದವು. "ನಾನು ಬಂದಾಗ... ಈ ಮನೇದು ಒಂದು ವಿಷಯ ಇದೆ, ಮುಗಿದ್ಹೋಗಿದೆ, ಕೆದಕಬೇಡಿ ಅಂತ ಹಿಂದಿನ ಫಾದರ್ ಅಂದ್ರಮ್ಮ. ನಾನು ಚೀಟೀಲಿ ಇದ್ದಿದ್ದನ್ನ ಓದ್ದೆ ಅಷ್ಟೇ."

"ಹಾಗಾದ್ರೆ ಚೀಟೀಲೇ ಬರೀರಿ. ಆ ಹೆಸ್ರು ಹೊಡೆದ್ಹಾಕಿ. ಹಿಂದುಗಡೆ, ಇವಳು ಬದುಕಿದಾಳೆ, ಇವಳ ತಂಗಿ ಕರ್ಕೊಂಡು ಹೋಗೋಕೆ ಬಂದಿದಾಳೆ ಅಂತ ಬರೆದು ಸಹಿ ಹಾಕಿ."

"ತಿಂಡಿ ಆದ್ಮೇಲೆ ಕೂತು ಮಾತಾಡೋಣ..."

"ಈ ಮನೇಲಿ ಇವತ್ತು ತಿಂಡಿ ಇಲ್ಲ ಫಾದರ್."

ಸರದಿಯ ಮನೆಯಲ್ಲಿ ಫಾದರ್‌ಗೆ ಹಾಗೆ ಅಂದವರು ನಾಕ್‌ಬ್ರ್ಯಾಕಿನಲ್ಲಿ ಹಿಂದೆ ಯಾರೂ ಇಲ್ಲ. ಎಲ್ಲರ ತಲೆ ಈಗ ಮೇಲೆದ್ದಿತು. ಒಬ್ಬ ಹೆಣ್ಣನ್ನು ಬದುಕಿದ್ದಂತೆಯೇ ಹೂತದ್ದಕ್ಕೆ ಬೆಚ್ಚದವರು ತಿಂಡಿ ಇಲ್ಲ ಎಂದದ್ದಕ್ಕೆ ಬೆಚ್ಚಿದ್ದರು. ಊನಾ ಎದ್ದು, ಅಲಮಾರಿಯ ಮೇಲಿದ್ದ ಪೆನ್ನು ತಂದು ಫಾದರ್ ಕೈಗೆ ಕೊಟ್ಟಳು. ಫಾದರ್ ಆ ಬಟ್ಟೆಯ ಮೇಲೇ ಚೀಟಿಯಿಟ್ಟು ಬರೆದರು. ಕೆಳಗೆ ಸಹಿ ಹಾಕಿ ಡೆಲಿಯಾಳ ಕೈಗೆ ಕೊಟ್ಟರು.

ಡೆಲಿಯಾ ಮೇಣದಬತ್ತಿಗಳನ್ನು ಎತ್ತಿಟ್ಟು, ಬಟ್ಟೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ಪ್ಯಾಕಿ ಮಾಮ, ಅವಳನ್ನ ಅಲ್ಲಿಗೆ ಬಿಟ್ಟಿದ್ದು ನಿಮ್ಮ ಕಾರೇ ಅಲ್ವಾ? ಏಳಿ."

"ಈಗ್ಲೇ?" ಎಂದ ಪ್ಯಾಕಿ. "ಹೊಟ್ಟೇಲಿ ಏನೂ ಇಲ್ವಲ್ಲ ತಾಯಿ. ಒಂದು ಮೊಟ್ಟೆ..."

ಡೆಲಿಯಾ ಕೋಟು ತೊಟ್ಟು ಬಾಗಿಲು ತೆಗೆದು ಹಿಡಿದಳು. ಪ್ಯಾಕಿ ಟೊಪ್ಪಿ ಹಾಕಿಕೊಂಡ.

ಪಟ್ಟಣಕ್ಕೆ ಮೂವತ್ತು ಮೈಲಿ ದಾರಿ. ಅರ್ಧ ದಾರಿಯಲ್ಲಿ ಸೇತುವೆ ದಾಟಿದ ಮೇಲೆ, ಡೆಲಿಯಾ ಕೇಳದೆಯೇ ಪ್ಯಾಕಿ ಹೇಳಿದ. "ಇಲ್ಲೇ ಕೇಳಿದ್ಲು ನಿಮ್ಮಕ್ಕ. ಪ್ಯಾಕಿ ಮಾಮ, ಇದು ರೈಲಿಗೆ ಹೋಗೋ ದಾರಿ ಅಲ್ವಲ್ಲ ಅಂತ. ಅಡ್ಡದಾರಿ ಕಣಮ್ಮ, ಬೇಗ ಹೋಗ್ಬೋದು ಅಂದೆ. ಆಮೇಲೆ ಹಾಡು ಹೇಳ್ಕೊಂಡು ಕೂತಿದ್ಲು. ಹೊಸ ಶೂಸು ಹಾಕಿದ್ಲು." ಗೇರು ಬದಲಿಸಿದ. "ಗೇಟು ಮುಚ್ಚಿದ್ಮೇಲೆ ತಿರುಗಿ ನೋಡ್ಲಿಲ್ಲ ನಾನು. ಹೆಂಡ್ತಿಗೆ ಮಾತ್ರ ಹೇಳ್ದೆ. ಅವಳಿಗೆ ಹೇಳಿದ್ರೆ ಚರ್ಚಿನ ಗಂಟೆ ಬಾರಿಸಿದ ಹಾಗೇ ಅಲ್ವಾ."

"ಇಷ್ಟು ವರ್ಷ ಯಾರೂ ಅವಳನ್ನ ನೋಡೋಕೆ ಹೋಗ್ಲಿಲ್ವಾ?"

"ಯಾರು ಹೋಗ್ತಾರೆ ಹೇಳು. ರಕ್ತಸಂಬಂಧದೋರು ಬಂದು ಕೇಳಿದ್ರೆ ಮಾತ್ರ ಬಿಡ್ತಾರಂತೆ. ನಿಮ್ಮಪ್ಪ ತೀರ್ಕೊಂಡ್ಮೇಲೆ ನಿಮ್ಮಮ್ಮ ಬಿಟ್ರೆ ಇದ್ದವಳು ನೀನೊಬ್ಳೇ."

ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಳು.

ಕಾನ್ವೆಂಟಿನ ಮುಂಗೋಣೆ ಮೇಣ ಹಚ್ಚಿ ಉಜ್ಜಿ ಕನ್ನಡಿಯಾಗಿತ್ತು. ಗೋಡೆಯಾಚೆ ಯಂತ್ರಗಳ ಗುಡುಗುಡು, ಸೋಪಿನ ಹಬೆಯ ವಾಸನೆ. ಹೆಂಗಸರ ದನಿ ಮಾತ್ರ ಒಂದೂ ಇಲ್ಲ. ಬಂದ ಕನ್ಯಾಸ್ತ್ರೀ ನಡುವಯಸ್ಸಿನವರು, ನಗುಮುಖದವರು. ನಗುತ್ತಲೇ ಹೇಳಿದರು, "ವಿನಿಫ್ರೆಡ್ ಗ್ರೀಲಿ ಅನ್ನೋರು ಇಲ್ಲಿ ಯಾರೂ ಇಲ್ವಲ್ಲಮ್ಮ."

ಇಲ್ಲಿ ಹೆಸರು ಬದಲಿಸುತ್ತಾರೆಂದು ಎಂದೋ ಕೇಳಿದ್ದು ಡೆಲಿಯಾಗೆ ಆಗ ನೆನಪಾಯಿತು. ಅವಳು ಕಂಕುಳಲ್ಲಿದ್ದ ಬಟ್ಟೆಯನ್ನು ಆ ಹೊಳೆಯುವ ಮೇಜಿನ ಮೇಲೆ ಹರಡಿದಳು.

"ಹೋಗ್ಲಿ. ಈ ಬಟ್ಟೆ ಇಲ್ಲಿಂದ ಬಂದಿದ್ದು. ಇದನ್ನ ಹೊಲಿದವರ ಮೇಲೆ ನನ್ನದೊಂದು ದೂರಿದೆ."

ನಗು ಹೋಯಿತು. "ನಮ್ಮ ಕೆಲಸದ ಮೇಲೆ ಈವರೆಗೆ ಯಾರೂ ದೂರು ಹೇಳಿಲ್ಲ."

"ನಾನು ಹೇಳ್ತಿದೀನಿ. ಹೊಲಿದವರ ಮುಂದೇನೇ ಹೇಳ್ಬೇಕು."

ಕನ್ಯಾಸ್ತ್ರೀ ತೇಪೆಯನ್ನು ಬೆಳಕಿಗೆ ಹಿಡಿದು ನೋಡಿದರು. ಲಾಂಡ್ರಿಯ ಮರ್ಯಾದೆಯ ಪ್ರಶ್ನೆ. ಬಾಗಿಲಿಗೆ ಹೋಗಿ ಕೂಗಿದರು, "ಪೆಲೇಜಿಯಾನ ಕಳ್ಸಿ. ಕತ್ತರಿ, ಸೂಜಿ ತರೋಕೆ ಹೇಳಿ."

ಬಂದವಳು ಬಾಗಿಲ ಹತ್ತಿರವೇ ನಿಂತಳು. ಗೋಣಿಯಂಥ ಒರಟು ಬಟ್ಟೆಯ ನಿಲುವಂಗಿ, ಬಿಳಿ ಟೊಪ್ಪಿ, ಅದರಡಿಯಲ್ಲಿ ಮೋಟು ಕೂದಲು, ಆಗಲೇ ನರೆತದ್ದು. ಮೊಣಕೈವರೆಗೆ ಬೆಂದಂತೆ ಕೆಂಪಗೆ ಊದಿದ ಕೈ. ವಿನೀಗೆ ಈಗ ಮೂವತ್ತೊಂದು. ಇವಳಿಗೆ ಐವತ್ತು ಎಂದರೂ ನಂಬಬಹುದಿತ್ತು. ಬೇರೆ ಯಾರನ್ನೋ ಕರೆಸಿದ್ದಾರೆ ಎಂದೇ ಡೆಲಿಯಾ ಒಂದು ಗಳಿಗೆ ಅಂದುಕೊಂಡಳು.

"ತಪ್ಪಾಯ್ತು ಅಮ್ಮಾ," ಎಂದಳು ಬಂದವಳು. ದೂರು ಏನೆಂದು ಇನ್ನೂ ಯಾರೂ ಹೇಳಿರಲಿಲ್ಲ. ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. "ಎಲ್ಲಿ ಅಂತ ತೋರಿಸಿದ್ರೆ ಬಿಚ್ಚಿ ಮತ್ತೆ ಹೊಲೀತೀನಿ."

ದನಿ ಅದೇ. ಡೆಲಿಯಾ ಅಂಚಿನ ಆ ಜಾಗದ ಮೇಲೆ ಬೆರಳಿಟ್ಟು ತೋರಿಸಿದಳು. ಕನ್ಯಾಸ್ತ್ರೀ ಬಗ್ಗಿ ಮುಟ್ಟಿ ನೋಡಿದರು.

"ಏನಿದು ಪೆಲೇಜಿಯಾ? ಗಿರಾಕಿಗಳ ಬಟ್ಟೆ ಮೇಲೆ ಗುರುತು ಹಾಕೋದಾ?"

"ಕೈಯ ಅಭ್ಯಾಸ ಸಿಸ್ಟರ್. ಇನ್ಮೇಲೆ ಮಾಡಲ್ಲ. ಈಗ್ಲೇ ಕತ್ತರಿಸ್ತೀನಿ."

ಅವಳು ಮೇಜಿನ ಹತ್ತಿರ ಬಂದು ಬಗ್ಗಿದಳು. ಪಕ್ಕದಲ್ಲೇ ನಿಂತಿದ್ದವಳ ಕಡೆ ನೋಡಲಿಲ್ಲ. ನೋಡಿದ್ದರೂ, ಬಿಟ್ಟುಬಂದಿದ್ದ ಹದಿನಾಲ್ಕರ ತಂಗಿಯ ಗುರುತು ಈ ಕೋಟು ತೊಟ್ಟ ಹೆಂಗಸಿನಲ್ಲಿ ಸಿಗುತ್ತಿತ್ತೋ ಇಲ್ಲವೋ. ಕತ್ತರಿಯ ತುದಿ ದಾರದ ಕೆಳಗೆ ತೂರಿತು.

"ಕಾಲ್ಚೀಲ ಹರಿದಿದ್ದು ಯಾರೇ?" ಎಂದಳು ಡೆಲಿಯಾ. ಅದು ಅಮ್ಮನ ಪ್ರಶ್ನೆ, ಅಮ್ಮನದೇ ಗದರಿಕೆಯಲ್ಲಿ.

ಕತ್ತರಿ ನಿಂತಿತು. ಗೋಡೆಯಾಚೆ ಯಂತ್ರ ಗುಡುಗುತ್ತಲೇ ಇತ್ತು. ಬಗ್ಗಿದವಳ ತುಟಿ ಎರಡು ಸಲ ಅಲುಗಿತು, ಸದ್ದು ಬರಲಿಲ್ಲ. ಮೂರನೇ ಸಲ ಬಂತು.

"ಕೋಳೀನ ಕೇಳು."

ಅವಳು ತಲೆಯೆತ್ತಿದಳು. ಮುಂದಿನ ಎರಡು ಹಲ್ಲು ಇರಲಿಲ್ಲ. ಕಣ್ಣು ಮಾತ್ರ ವಿನೀಯದು.

ಡೆಲಿಯಾ ಚೀಟಿ ತೆಗೆದು ಕನ್ಯಾಸ್ತ್ರೀಯ ಮುಂದೆ ಹಿಡಿದಳು. "ಇವಳು ನಮ್ಮಕ್ಕ. ಕರ್ಕೊಂಡು ಹೋಗೋಕೆ ಬಂದಿದೀನಿ."

"ಇದು ಮೃತರ ಪಟ್ಟಿ ಅಲ್ವಾ?"

"ಹಿಂದುಗಡೆ ನೋಡಿ."

ಅವರು ಹಿಂದೆ ನೋಡಿದರು, ಸಹಿ ನೋಡಿದರು, ಮತ್ತೆ ಮುಂದೆ ತಿರುಗಿಸಿ ಹೊಡೆದುಹಾಕಿದ ಹೆಸರನ್ನು ನೋಡಿದರು. ಕಾನ್ವೆಂಟಿನ ಮುಖ್ಯಸ್ಥೆ ಮದರನ್ನು ಕೇಳಬೇಕೆಂದು ಚೀಟಿ ಹಿಡಿದು ಒಳಗೆ ಹೋದರು. ಅವರು ಬರುವ ತನಕ ಅಕ್ಕತಂಗಿಯರು ಮೇಜಿನ ಆಚೆಗೊಬ್ಬಳು ಈಚೆಗೊಬ್ಬಳು ನಿಂತಿದ್ದರು. ಡೆಲಿಯಾ ತಬ್ಬಿಕೊಳ್ಳಲು ಒಂದು ಹೆಜ್ಜೆ ಇಟ್ಟಳು. ವಿನೀ ಹೊಡೆತ ಬೀಳುವುದೆಂಬಂತೆ ಭುಜ ಕುಗ್ಗಿಸಿದಳು. ಡೆಲಿಯಾ ಅಲ್ಲೇ ನಿಂತಳು.

"ಅಮ್ಮ ಕಳಿಸಿದ್ಲಾ?" ಎಂದಳು ವಿನೀ.

"ನಾನು ಬಂದೆ ಅಕ್ಕಾ," ಎಂದಳು ಡೆಲಿಯಾ.

ಕನ್ಯಾಸ್ತ್ರೀ ಬಂದರು. ಅವರ ಕೈಯಲ್ಲಿ ಚೀಟಿ ಇರಲಿಲ್ಲ. "ಮದರ್ ಅಡ್ಡಿ ಇಲ್ಲ ಅಂದ್ರು. ಆದ್ರೆ ಹೊರಗೆ ಹಾಕ್ಕೊಂಡು ಹೋಗೋಕೆ ಅವಳ ಹತ್ರ ಬಟ್ಟೆ ಇಲ್ಲ. ಬಂದಾಗಿನ ಬಟ್ಟೆ ಯಾವತ್ತೋ ಹೋಯ್ತು."

ಡೆಲಿಯಾ ತನ್ನ ಕೋಟಿನ ಗುಂಡಿ ಬಿಚ್ಚಿದಳು. ಕೋಟು ವಿನೀಯ ಭುಜದ ಮೇಲೆ ಸಡಿಲವಾಗಿ ಕೂತಿತು. ಹೊರಗೆ ಪ್ಯಾಕಿ ಕಾರು ಚಾಲೂ ಮಾಡಿದ ಸದ್ದು ಬಂತು. ಡೆಲಿಯಾ ಬಾಗಿಲ ಕಡೆ ಹೊರಟಳು. ಹಿಂದೆ ಹೆಜ್ಜೆಯ ಸದ್ದು ಬರಲಿಲ್ಲ.

ತಿರುಗಿ ನೋಡಿದಾಗ ವಿನೀ ಮೇಜಿನ ಹತ್ತಿರವೇ ಇದ್ದಳು. "ಮಡಿಸದೆ ಹೇಗೆ ಬಿಟ್ಟು ಹೋಗೋದು?" ಎಂದಳು ಗಾಬರಿಯಿಂದ. ಮೇಜುಬಟ್ಟೆಯ ಎರಡು ಮೂಲೆಗಳನ್ನು ಎತ್ತಿ ಹಿಡಿದು, ಇನ್ನೆರಡು ಮೂಲೆ ಯಾರಾದರೂ ಹಿಡಿಯಲೆಂದು ಕಾಯುತ್ತಾ ನಿಂತಳು.

ಡೆಲಿಯಾ ವಾಪಸು ಬಂದು ಆ ಎರಡು ಮೂಲೆಗಳನ್ನು ಹಿಡಿದುಕೊಂಡಳು. ಇಬ್ಬರೂ ಬಟ್ಟೆಯನ್ನು ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಿಸಿ, ಮತ್ತೊಮ್ಮೆ ಮಡಿಸಿ, ಒಬ್ಬರ ಕಡೆಗೊಬ್ಬರು ನಡೆದು ಬಂದರು. ಮೂಲೆಗೆ ಮೂಲೆ ಸೇರಿತು. ವಿನೀ ತನ್ನ ಕಡೆಯದನ್ನು ತಂಗಿಯ ಕೈಗೆ ಕೊಟ್ಟಳು, ಆದರೆ ಬಿಡಲಿಲ್ಲ.